ಮುಂಬೈಯಲ್ಲಿ ಸಾಮೂಹಿಕ ಅಡುಗೆಮನೆ: ಅನುದಾನ ಕೇಳುವ ಮೊದಲು, ಕೇಳುವಾಗ, ಸಿಕ್ಕ ಮೇಲೆ

ಡೊಂಬಿವಲಿ, ಮೀರಾ ರೋಡ್, ಭಾಂಡುಪ್, ನವಿ ಮುಂಬೈ, ಎಲ್ಲಿಗೆ ಹೋದರೂ ಚಕ್ಕುಲಿ, ಕೋಡುಬಳೆ, ಸಾರಿನ ಪುಡಿ, ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಕನ್ನಡದ ಹೆಂಗಸರು ಸಿಗುತ್ತಾರೆ. ಕೈರುಚಿಗೆ ಕೊರತೆ ಇಲ್ಲ, ಗಿರಾಕಿಗಳಿಗೂ ಕೊರತೆ ಇಲ್ಲ. ಕೊರತೆ ಇರುವುದು ಜಾಗಕ್ಕೆ. ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟಿನಲ್ಲಿ ದೊಡ್ಡ ಬಾಣಲೆ ಇಡುವಂತಿಲ್ಲ. ಮೆಣಸು ಹುರಿದರೆ ಇಡೀ ಮಾಳಿಗೆ ಕೆಮ್ಮುತ್ತದೆ, ಸೊಸೈಟಿಯಿಂದ ನೋಟಿಸ್ ಬರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಹಪ್ಪಳ, ಸಂಡಿಗೆ ಒಣಗಿಸಲು ಬಿಸಿಲೂ ಇಲ್ಲ, ತಾರಸಿಯೂ ಇಲ್ಲ. ಹೀಗಾಗಿ ವ್ಯಾಪಾರ ತಿಂಗಳಿಗೆ ಹತ್ತಿಪ್ಪತ್ತು ಕಿಲೋಗೆ ನಿಂತುಬಿಡುತ್ತದೆ.

ಒಬ್ಬೊಬ್ಬರೇ ಗಾಳಾ (ಕೈಗಾರಿಕೆ, ವ್ಯಾಪಾರಕ್ಕೆ ಇರುವ ಮಳಿಗೆ) ಬಾಡಿಗೆಗೆ ಹಿಡಿಯುವುದು ಆಗದ ಮಾತು. ಹತ್ತು ಜನ ಸೇರಿ ಒಂದೇ ಅಡುಗೆಮನೆಯನ್ನು ಪಾಳಿಯ ಮೇಲೆ ಬಳಸುವುದು ಆಗುವ ಮಾತು. ಅದಕ್ಕೆ ಸರಕಾರದ ಸಹಾಯಧನವಿದೆ, ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣವಿದೆ. ಎರಡನ್ನೂ ಹೇಗೆ ಕೇಳುವುದು ಅನ್ನುವುದೇ ಈ ಲೇಖನ.

ಈ ಊರಿಗೆ ಇದು ಹೊಸದೇನಲ್ಲ. 1959ರ ಮಾರ್ಚ್ 15ರಂದು ಗಿರಗಾಂವಿನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕೂತರು. ಅದೇ ಮುಂದೆ ಲಿಜ್ಜತ್ ಪಾಪಡ್ ಸಂಸ್ಥೆ ಆಯಿತು. ಅವರ ಪದ್ಧತಿ ಗಮನಿಸಿ: ಹಿಟ್ಟು ಕಲಸುವುದು ಕೇಂದ್ರದಲ್ಲಿ, ಲಟ್ಟಿಸುವುದು ಅವರವರ ಮನೆಯಲ್ಲಿ. ರುಚಿಯನ್ನು ಕಾಯುವ ಕೆಲಸ ಒಂದೇ ಜಾಗದಲ್ಲಿ, ಕೈಕೆಲಸ ಎಲ್ಲ ಕಡೆ. 1975ರಲ್ಲಿ ಪ್ರೇಮಾ ಪುರವ್ ಅವರು ಶುರುಮಾಡಿದ ಅನ್ನಪೂರ್ಣಾ ಮಹಿಳಾ ಮಂಡಳ ಗಿರಣಿ ಕಾರ್ಮಿಕರಿಗೆ ಖಾನಾವಳಿ ನಡೆಸುತ್ತಿದ್ದ ಹೆಂಗಸರನ್ನು ಒಟ್ಟುಗೂಡಿಸಿ ಬ್ಯಾಂಕಿನ ಬಾಗಿಲಿಗೆ ಕರೆದೊಯ್ದಿತು. ನಾವು ನಡೆಯಬೇಕಾದ ದಾರಿಯಲ್ಲಿ ಆಗಲೇ ಹೆಜ್ಜೆ ಗುರುತುಗಳಿವೆ.

ಮೊದಲು ಜಾಗ ನೋಡಿ, ಆಮೇಲೆ ದುಡ್ಡು

ಹೆಚ್ಚಿನವರು ಶುರುಮಾಡುವುದು ‘ಎಷ್ಟು ಸಬ್ಸಿಡಿ ಸಿಗುತ್ತದೆ’ ಅನ್ನುವ ಪ್ರಶ್ನೆಯಿಂದ. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಮೊದಲನೆಯದು ಜಾಗ ಯಾವುದು, ಎರಡನೆಯದು ಬಳಸುವವರು ಯಾರು.

ಜಾಗದ ವಿಷಯದಲ್ಲಿ ಮುಂಬೈ ಕನ್ನಡಿಗರಿಗೆ ಒಂದು ದೊಡ್ಡ ಅನುಕೂಲವಿದೆ. ನಮ್ಮ ಸಂಘಗಳಲ್ಲಿ ಎಷ್ಟೋ ಸಂಘಗಳಿಗೆ ಸ್ವಂತ ಕಟ್ಟಡವಿದೆ, ಸಭಾಗೃಹವಿದೆ, ಅದರ ಹಿಂದೆ ಅಡುಗೆಮನೆಯೋ ಉಗ್ರಾಣವೋ ಇದೆ. ಮದುವೆ, ಯಕ್ಷಗಾನ, ವಾರ್ಷಿಕೋತ್ಸವ ಬಿಟ್ಟರೆ ವಾರದ ದಿನಗಳಲ್ಲಿ ಅಲ್ಲಿ ಬೀಗ. ಈ ನಗರದಲ್ಲಿ ಒಂದು ಸಾಮೂಹಿಕ ಅಡುಗೆಮನೆಗೆ ಅತಿ ಜಾಸ್ತಿ ಖರ್ಚು ತರುವುದೇ ಜಾಗ. ಅದು ಸಂಘದಿಂದ ಸಿಕ್ಕಿದರೆ ಅರ್ಧ ಯೋಜನೆ ಆಗಲೇ ನಿಂತ ಹಾಗೆ.

ಆದರೆ ಮದುವೆಯ ಕೇಟರಿಂಗ್ ನಡೆಯುವ ದೊಡ್ಡ ಅಡುಗೆಮನೆಯನ್ನೇ ತೆಗೆದುಕೊಳ್ಳಬೇಡಿ. ಮುಹೂರ್ತದ ದಿನ ಕೇಟರರ್ ಬಂದು ನಿಮ್ಮ ಸಾಮಾನು ಪಕ್ಕಕ್ಕೆ ಸರಿಸುತ್ತಾನೆ. ಶುಚಿತ್ವದ ಹೊಣೆ ಯಾರದ್ದು ಅನ್ನುವುದು ಗೊತ್ತಾಗದೆ ಹೋಗುತ್ತದೆ. ಪಕ್ಕದ ಉಗ್ರಾಣವನ್ನೋ, ಬಳಕೆ ಇಲ್ಲದ ಒಂದು ಕೋಣೆಯನ್ನೋ ಬೇರೆ ಬಾಗಿಲು, ಬೇರೆ ಬೀಗ, ಬೇರೆ ವಿದ್ಯುತ್ ಮೀಟರ್ ಇರುವ ಹಾಗೆ ಕೇಳಿ. ಜಾಗ ಚಿಕ್ಕದಾದರೂ ನಿಮ್ಮದೇ ಆಗಿರಲಿ.

ಸಂಘದ ಕಮಿಟಿಯ ಮುಂದೆ ಹೋಗುವ ಮೊದಲು ಇವಿಷ್ಟು ಕಾಗದ ನೋಡಿಕೊಳ್ಳಿ. ಸಂಘದ ಜಮೀನು ಸರಕಾರದಿಂದಲೋ ನಗರಪಾಲಿಕೆಯಿಂದಲೋ ಲೀಸ್ ಮೇಲೆ ಬಂದದ್ದಾಗಿದ್ದರೆ, ಕರಾರಿನಲ್ಲಿ ಯಾವ ಬಳಕೆಗೆ ಅಂತ ಬರೆದಿದೆ? ನೀರಿನ ಸಂಪರ್ಕ ಎಂಥದ್ದು? ಅಗ್ನಿಶಾಮಕ ದಳದ ಒಪ್ಪಿಗೆ ಪತ್ರದಲ್ಲಿ ಅಡುಗೆಯ ಉಲ್ಲೇಖ ಇದೆಯೇ? ವಿದ್ಯುತ್ ಸಂಪರ್ಕ ಯಾವ ದರದ್ದು, ಎಷ್ಟು ಲೋಡಿನದು? ಡ್ರೈಯರ್, ಪುಡಿ ಮಾಡುವ ಮೆಷಿನ್ ಹಾಕಿದರೆ ಹಳೆಯ ವೈರಿಂಗ್ ತಡೆಯುವುದಿಲ್ಲ.

ಇನ್ನೊಂದು ಮಾತನ್ನು ಎಲ್ಲ ಸಂಘಗಳೂ ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಸಂಘಗಳು ಸಾಮಾನ್ಯವಾಗಿ 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯಡಿ ನೋಂದಣಿಯಾಗಿರುತ್ತವೆ. ಆ ಕಾಯಿದೆಯ 36ನೇ ಕಲಮಿನ ಪ್ರಕಾರ ಟ್ರಸ್ಟಿನ ಕಟ್ಟಡವನ್ನು ಮೂರು ವರ್ಷಕ್ಕಿಂತ ಜಾಸ್ತಿ ಅವಧಿಗೆ ಲೀಸ್ ಕೊಡಬೇಕಾದರೆ ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಚ್ಯಾರಿಟಿ ಕಮಿಷನರ್ ಅವರ ಅನುಮತಿ ಮೊದಲೇ ಬೇಕು. ಬ್ಯಾಂಕು ಸಾಲ ಕೊಡುವುದು ಐದಾರು ವರ್ಷಕ್ಕೆ. ಜಾಗದ ಕರಾರು ಅಷ್ಟು ವರ್ಷದ್ದು ಇದೆಯೇ ಅಂತ ಕೇಳಿಯೇ ಕೇಳುತ್ತದೆ. ಆದ್ದರಿಂದ ಈ ಅನುಮತಿಯ ಅರ್ಜಿಯನ್ನು ಸಾಲದ ಅರ್ಜಿಗಿಂತ ಮೊದಲು ಹಾಕಿ. ಇದಕ್ಕೆ ಸಮಯ ಹಿಡಿಯುತ್ತದೆ. ಸಂಘದ ವಕೀಲರು ಈ ಕೆಲಸವನ್ನು ಸೇವೆ ಎಂದು ಮಾಡಿಕೊಟ್ಟರೆ ದೊಡ್ಡ ಉಪಕಾರ.

ಯಾರು, ಏನು ಮಾಡುತ್ತಾರೆ: ಒಂದು ಪಟ್ಟಿ

ಈಗಾಗಲೇ ಮಾರುತ್ತಿರುವವರನ್ನು ಹುಡುಕಿ. ‘ಮುಂದೆ ಮಾಡಬೇಕು ಅಂತ ಆಸೆ ಇದೆ’ ಅನ್ನುವವರು ಎರಡನೆಯ ಸುತ್ತಿಗೆ ಬರಲಿ. ಪ್ರತಿಯೊಬ್ಬರಿಂದ ನಾಲ್ಕು ವಿಷಯ ಬರೆಸಿಕೊಳ್ಳಿ: ಏನು ಮಾಡುತ್ತಾರೆ, ತಿಂಗಳಿಗೆ ಎಷ್ಟು ಕಿಲೋ, ಈಗ ಎಲ್ಲಿ ತಡೆಯಾಗುತ್ತಿದೆ, ವಾರದಲ್ಲಿ ಯಾವ ಹೊತ್ತು ಬರಬಲ್ಲರು. ಕೊನೆಯ ಪ್ರಶ್ನೆ ಸಣ್ಣದಲ್ಲ. ಮಕ್ಕಳ ಶಾಲೆ, ನೀರು ಬರುವ ಸಮಯ, ಲೋಕಲ್ ಟ್ರೇನಿನ ಗರ್ದಿ, ಎಲ್ಲ ಲೆಕ್ಕ ಹಾಕಿದರೆ ಹೆಚ್ಚಿನವರು ಬಯಸುವುದು ಬೆಳಗ್ಗೆ 10ರಿಂದ ಮಧ್ಯಾಹ್ನ 2. ಎಲ್ಲರಿಗೂ ಅದೇ ಹೊತ್ತು ಬೇಕಾದರೆ ಅಡುಗೆಮನೆ ದಿನದ ಉಳಿದ ಹೊತ್ತು ಖಾಲಿ ಬೀಳುತ್ತದೆ. ಸಂಜೆಯ ಪಾಳಿಗೆ ಕೆಲಸ ಮುಗಿಸಿ ಬರುವವರನ್ನು, ಗಂಡಸರನ್ನೂ, ಹೋಟೆಲ್ ಬಿಟ್ಟು ಸ್ವಂತ ಉದ್ಯೋಗ ನೋಡುತ್ತಿರುವ ಅಡುಗೆಯವರನ್ನೂ ಸೇರಿಸಿಕೊಳ್ಳಿ.

ಈ ಪಟ್ಟಿಯಿಂದಲೇ ಯಂತ್ರಗಳ ಪಟ್ಟಿ ಹುಟ್ಟಬೇಕು. ಮನೆಯಲ್ಲಿ ಇಡಲಾಗದ್ದು ಯಾವುದೋ ಅದಕ್ಕೆ ಮಾತ್ರ ಅನುದಾನ ಕೇಳಿ. ಮುಂಬೈಯ ಹವೆಗೆ ಮೊದಲ ಸ್ಥಾನ ಟ್ರೇ ಡ್ರೈಯರಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನವರಿಗೆ ಅದೇ ಜೀವ. ಆಮೇಲೆ ಪುಡಿ ಮಾಡುವ ಮೆಷಿನ್, ಹುರಿಯುವ ಮೆಷಿನ್, ದೊಡ್ಡ ಫ್ರೈಯರ್, ಹೊಗೆ ಎಳೆಯುವ ಎಕ್ಸಾಸ್ಟ್, ತೂಕದ ಯಂತ್ರ, ಪ್ಯಾಕೆಟ್ ಸೀಲ್ ಮಾಡುವ ಮೆಷಿನ್, ಸ್ಟೀಲಿನ ಮೇಜು, ಮೂರು ತೊಟ್ಟಿಯ ಸಿಂಕ್. ಮಿಕ್ಸಿ, ಚಕ್ಕುಲಿ ಒತ್ತು, ಪಾತ್ರೆಗಳನ್ನು ಅವರವರೇ ತರಲಿ. ಅವರವರ ಕೈಗೆ ಒಗ್ಗಿದ ಒತ್ತಿನಲ್ಲೇ ಅವರವರ ಚಕ್ಕುಲಿ ಸರಿ ಬರುವುದು, ಅಲ್ವಾ?

ಸರಕಾರದ ಸಹಾಯಧನ: ಪಿಎಂಎಫ್‌ಎಂಇ

ಸಣ್ಣ ಆಹಾರ ಉದ್ಯಮಗಳಿಗಾಗಿಯೇ ಇರುವ ಮುಖ್ಯ ಯೋಜನೆ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮ ಯೋಜನೆ, ಅಂದರೆ ಪಿಎಂಎಫ್‌ಎಂಇ. 2020ರ ಜೂನ್ 29ರಂದು ಕೇಂದ್ರದ ಆಹಾರ ಸಂಸ್ಕರಣಾ ಸಚಿವಾಲಯ ಇದನ್ನು ಶುರುಮಾಡಿತು. ಒಟ್ಟು 10,000 ಕೋಟಿ ರೂಪಾಯಿಯ ಯೋಜನೆ. ಕೇಂದ್ರ 60, ರಾಜ್ಯ 40 ಅನ್ನುವ ಪಾಲು. ಮೊದಲು ಐದು ವರ್ಷಕ್ಕೆ ಅಂತ ಇದ್ದದ್ದನ್ನು 2025-26ರವರೆಗೆ ವಿಸ್ತರಿಸಿದರು. ಹಾಗಾಗಿ ನಿಮ್ಮ ಮೊದಲ ಕೆಲಸ, ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಅಂತ ಕೃಷಿ ಕಚೇರಿಯಲ್ಲಿ ಕೇಳುವುದು. ಮಹಾರಾಷ್ಟ್ರದಲ್ಲಿ ಈ ಯೋಜನೆ ಕೃಷಿ ಇಲಾಖೆಯ ಕೈಯಲ್ಲಿದೆ. ಠಾಣೆ, ಪಾಲ್ಘರ್, ರಾಯಗಡ, ಪುಣೆಯವರು ತಮ್ಮ ಜಿಲ್ಲೆಯ ಕೃಷಿ ಅಧೀಕ್ಷಕರ ಕಚೇರಿಗೆ ಹೋಗಬಹುದು.

ಇದರಲ್ಲಿ ನಮಗೆ ಬೇಕಾದ ಭಾಗಗಳು ಮೂರು.

ಒಂಟಿ ಉದ್ಯಮಿಗೆ ಯೋಜನೆಯ ವೆಚ್ಚದ 35% ಸಹಾಯಧನ, ಹೆಚ್ಚೆಂದರೆ 10 ಲಕ್ಷ ರೂಪಾಯಿ. ಸ್ವಂತ ಪಾಲು ಕನಿಷ್ಠ 10%. ಉಳಿದದ್ದು ಬ್ಯಾಂಕ್ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ.

ಸ್ವಸಹಾಯ ಗುಂಪಿಗೆ, ಅಂದರೆ ಇಲ್ಲಿನ ಮಾತಿನಲ್ಲಿ ಬಚತ್ ಗಟ್‌ಗೆ, ಆಹಾರದ ಕೆಲಸ ಮಾಡುವ ಪ್ರತಿ ಸದಸ್ಯೆಗೆ 40,000 ರೂಪಾಯಿಯಂತೆ ಬೀಜಧನ, ಅಂದರೆ ಶುರುವಿನ ಬಂಡವಾಳ. ಗುಂಪಿಗೆ ಹೆಚ್ಚೆಂದರೆ 4 ಲಕ್ಷ. ಇದು ಕಚ್ಚಾ ಸಾಮಾನಿಗೆ, ಸಣ್ಣ ಉಪಕರಣಗಳಿಗೆ.

ಮೂರನೆಯದೇ ನಮ್ಮ ವಿಷಯ: ಹಲವರು ಬಳಸುವ ಸಾಮಾನ್ಯ ಸೌಲಭ್ಯಕ್ಕೆ 35%, ಹೆಚ್ಚೆಂದರೆ 3 ಕೋಟಿ ರೂಪಾಯಿ. ಇದು ಸಿಗುವುದು ರೈತ ಉತ್ಪಾದಕ ಸಂಸ್ಥೆ, ಸಹಕಾರಿ ಸಂಘ, ಸ್ವಸಹಾಯ ಗುಂಪು ಮತ್ತು ಅವುಗಳ ಒಕ್ಕೂಟ, ಸರಕಾರಿ ಸಂಸ್ಥೆ, ಇವರಿಗೆ. ಸೌಲಭ್ಯವನ್ನು ಹೊರಗಿನವರಿಗೂ ಬಾಡಿಗೆಗೆ ಕೊಡಬೇಕು ಅನ್ನುವುದು ನಿಯಮ. ನಾವು ಮಾಡಹೊರಟದ್ದೂ ಅದೇ. ‘ಒಂದು ಜಿಲ್ಲೆ ಒಂದು ಉತ್ಪನ್ನ’ದ ಪಟ್ಟಿಯಲ್ಲಿ ಇರುವ ಪದಾರ್ಥಕ್ಕೆ ಆದ್ಯತೆ ಇದೆ. ಆದ್ದರಿಂದ ನಿಮ್ಮ ಜಿಲ್ಲೆಯ ಹೆಸರಿನ ಮುಂದೆ ಏನಿದೆ ನೋಡಿ, ಅದರಿಂದ ತಯಾರಾಗುವ ಒಂದೆರಡು ಪದಾರ್ಥಗಳನ್ನು ಯೋಜನೆಯಲ್ಲಿ ಸೇರಿಸಿ.

ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಟ್ರಸ್ಟ್ ಇಲ್ಲ. ಅಂದರೆ ನಮ್ಮ ಕನ್ನಡ ಸಂಘ ನೇರವಾಗಿ ಅರ್ಜಿ ಹಾಕಿದರೆ ಕೆಲಸ ಆಗುವುದಿಲ್ಲ. ಹೆಂಗಸರು ಬಚತ್ ಗಟ್ ಮಾಡಿಕೊಂಡು ಅರ್ಜಿ ಹಾಕಬೇಕು, ಸಂಘ ಜಾಗ ಕೊಡಬೇಕು. ಸಿಎಸ್‌ಆರ್ ಹಣದ ವಿಷಯದಲ್ಲಿ ಇದು ತಿರುಗುಮುರುಗು: ಕಂಪನಿಗಳು ಹಣ ಕೊಡುವುದು ಟ್ರಸ್ಟಿನಂಥ ನೋಂದಾಯಿತ ಸಂಸ್ಥೆಗೆ, ಬಚತ್ ಗಟ್‌ಗೆ ಅಲ್ಲ. ಇಬ್ಬರೂ ಕೈ ಜೋಡಿಸಿದರೆ ಎರಡೂ ಬಾಗಿಲು ತೆರೆಯುತ್ತವೆ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಗುಂಪು ಇನ್ನೂ ಇಲ್ಲವೇ? ಹತ್ತರಿಂದ ಇಪ್ಪತ್ತು ಜನ ಸೇರಿ ಮಾಡಿಕೊಳ್ಳಬಹುದು. ಗುಂಪಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು, ತಿಂಗಳು ತಿಂಗಳು ಉಳಿತಾಯ ಕಟ್ಟಿ, ಸಭೆಯ ನಡಾವಳಿ ಬರೆದಿಡಿ. ಬ್ಯಾಂಕಿನವರು ಮೊದಲು ಕೇಳುವುದೇ ಈ ಪುಸ್ತಕ. ಮಹಾರಾಷ್ಟ್ರ ಸರಕಾರದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳ, ಎಲ್ಲರೂ ಮಾವಿಮ್ ಅನ್ನುವ ಸಂಸ್ಥೆ, ಗುಂಪು ಕಟ್ಟಲು ಸಹಾಯ ಮಾಡುತ್ತದೆ. ನಡಾವಳಿಯನ್ನು ಮರಾಠಿಯಲ್ಲಿ ಬರೆದರೆ ಕಚೇರಿಯಲ್ಲಿ ಕೆಲಸ ಬೇಗ ಸಾಗುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತಿರುತ್ತಾರೆ, ಅವರಿಂದ ಬರೆಸಿ.

ಸಹಾಯಧನ ಕೈಗೆ ಬರುವುದಿಲ್ಲ, ಖಾತೆಗೆ ಬರುತ್ತದೆ

ಇಲ್ಲಿ ತುಂಬಾ ಜನಕ್ಕೆ ತಪ್ಪು ತಿಳಿವಳಿಕೆ ಇದೆ. ಸರಕಾರ ನಿಮ್ಮ ಕೈಗೆ ಚೆಕ್ ಕೊಡುವುದಿಲ್ಲ. ಬ್ಯಾಂಕು ಸಾಲ ಮಂಜೂರು ಮಾಡಿ ಹಣ ಬಿಡುಗಡೆ ಮಾಡಿದ ಮೇಲೆ ಸಹಾಯಧನ ಅದೇ ಬ್ಯಾಂಕಿನ ಪ್ರತ್ಯೇಕ ಖಾತೆಗೆ ಬರುತ್ತದೆ. ಅಷ್ಟು ಮೊತ್ತಕ್ಕೆ ಬ್ಯಾಂಕು ಬಡ್ಡಿ ಹಾಕುವುದಿಲ್ಲ. ಸಾಲದ ಕೊನೆಯ ಕಂತು ಬಿಡುಗಡೆಯಾದ ಮೂರು ವರ್ಷದ ಬಳಿಕ, ನಿಮ್ಮ ಖಾತೆ ಸರಿಯಾಗಿದ್ದು ಘಟಕ ನಡೆಯುತ್ತಿದ್ದರೆ, ಆ ಹಣ ಸಾಲಕ್ಕೆ ಜಮೆಯಾಗುತ್ತದೆ. ಅಂದರೆ ಮೂರು ವರ್ಷ ನಡೆಸಿ ತೋರಿಸಬೇಕು.

ಒಂದು ಉದಾಹರಣೆ ಹಾಕೋಣ. ಯಂತ್ರ, ವೈರಿಂಗ್, ನೆಲ, ಎಕ್ಸಾಸ್ಟ್ ಎಲ್ಲ ಸೇರಿ 12 ಲಕ್ಷ ಅಂದುಕೊಳ್ಳಿ. ನಿಮ್ಮ ಪಾಲು 10%, ಅಂದರೆ 1,20,000. ಬ್ಯಾಂಕ್ ಸಾಲ 10,80,000. ಸಹಾಯಧನ 35%, ಅಂದರೆ 4,20,000. ಕೊನೆಗೆ ನಿಮ್ಮ ಹೆಗಲ ಮೇಲೆ ಉಳಿಯುವ ಸಾಲ 6,60,000. ಐದು ವರ್ಷಕ್ಕೆ 10.5% ಬಡ್ಡಿಯಂತೆ ತಿಂಗಳ ಕಂತು ಸುಮಾರು 14,000. ಹತ್ತು ಜನರ ಗುಂಪಿಗೆ ಸ್ವಂತ ಪಾಲು ತಲೆಗೆ 12,000. ಇದು ಆಗುವ ಲೆಕ್ಕವೇ.

ಜಮೀನಿನ ಬೆಲೆ ಯೋಜನಾ ವೆಚ್ಚಕ್ಕೆ ಸೇರುವುದಿಲ್ಲ. ಬಾಡಿಗೆ ಜಾಗವಾದರೆ ಹೆಚ್ಚೆಂದರೆ ಮೂರು ವರ್ಷದ ಬಾಡಿಗೆ ಸೇರಿಸಬಹುದು. ಸಾಲ ಮಂಜೂರಾಗುವ ಮೊದಲೇ ಯಂತ್ರ ಕೊಳ್ಳಬೇಡಿ. ಎರಡು ಮೂರು ಅಂಗಡಿಯ ಕೊಟೇಶನ್ ತಂದಿಡಿ. ಬ್ಯಾಂಕು ಹಣವನ್ನು ಆ ಕೊಟೇಶನ್ ನೋಡಿ ಬಿಡುಗಡೆ ಮಾಡುತ್ತದೆ.

ಯೋಜನಾ ವರದಿ ಬರೆಯಲು, ಆನ್‌ಲೈನ್ ಅರ್ಜಿ ತುಂಬಲು, ಬ್ಯಾಂಕಿಗೆ ಓಡಾಡಲು ಜಿಲ್ಲೆಗಳಲ್ಲಿ ಸಂಪನ್ಮೂಲ ವ್ಯಕ್ತಿಗಳನ್ನು ಸರಕಾರವೇ ನೇಮಿಸಿದೆ. ಕಚೇರಿಗಳಲ್ಲಿ ಇವರನ್ನು ಡಿಆರ್‌ಪಿ ಅನ್ನುತ್ತಾರೆ. ಸಾಲ ಮಂಜೂರಾದ ಪ್ರತಿ ಅರ್ಜಿಗೆ ಅವರಿಗೆ ಸಂಭಾವನೆ ಕೊಡುವುದು ಯೋಜನೆಯೇ, ನೀವಲ್ಲ. ‘ಸಬ್ಸಿಡಿ ಮಾಡಿಸಿಕೊಡುತ್ತೇನೆ, ಮೊದಲು ಇಷ್ಟು ಕೊಡಿ’ ಅನ್ನುವವರಿಂದ ದೂರ ಇರಿ. ಕೇಳಿದವರು ಎಷ್ಟೇ ಒಳ್ಳೆಯ ಕನ್ನಡ ಮಾತಾಡಿದರೂ ದೂರವೇ ಇರಿ.

ಪಿಎಂಎಫ್‌ಎಂಇ ಆಹಾರ ಸಂಸ್ಕರಣೆಗೆ ಇರುವುದು. ಹಪ್ಪಳ, ಉಪ್ಪಿನಕಾಯಿ, ಪುಡಿ, ಕುರುಕಲು, ಬೇಕರಿ ತಿಂಡಿಗೆ ಚೆನ್ನಾಗಿ ಹೊಂದುತ್ತದೆ. ಊಟದ ಡಬ್ಬಾ, ಮೆಸ್ ನಡೆಸುವವರು ಬೇರೆ ದಾರಿ ನೋಡಬೇಕು. ಅವರಿಗೆ ಸ್ವಂತ ಉದ್ಯೋಗಕ್ಕಾಗಿ ಇರುವ ಕೇಂದ್ರದ ಪಿಎಂಇಜಿಪಿ ಯೋಜನೆ ಇದೆ. ನಗರದಲ್ಲಿ ಸಾಮಾನ್ಯ ವರ್ಗಕ್ಕೆ 15%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಮೊದಲಾದವರಿಗೆ 25% ಸಹಾಯಧನ. ಸೇವಾ ಉದ್ಯಮಕ್ಕೆ ಯೋಜನೆಯ ಮಿತಿ 20 ಲಕ್ಷ, ತಯಾರಿಕೆಗೆ 50 ಲಕ್ಷ. ಸಣ್ಣ ಸಾಲಕ್ಕೆ ಮುದ್ರಾ ಸಾಕು; ಅದರಲ್ಲಿ ಸಹಾಯಧನ ಇಲ್ಲ, ಆದರೆ ಅಡಮಾನವೂ ಬೇಡ.

ಸಿಎಸ್‌ಆರ್ ಹಣ: ಸಂಘದ ಕೆಲಸ

2013ರ ಕಂಪನಿ ಕಾಯಿದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಹಣವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಮಹಿಳೆಯರ ಸಬಲೀಕರಣ, ಜೀವನೋಪಾಯ, ಕೌಶಲ ತರಬೇತಿ ಆ ಪಟ್ಟಿಯಲ್ಲಿವೆ. ಮುಂಬೈಯಷ್ಟು ಕಂಪನಿಗಳ ಮುಖ್ಯ ಕಚೇರಿ ಇರುವ ಊರು ದೇಶದಲ್ಲಿ ಇನ್ನೊಂದಿಲ್ಲ. ಅವುಗಳಲ್ಲಿ ಕೆಲಸ ಮಾಡುವ ಕನ್ನಡಿಗರೂ ಕಡಿಮೆ ಇಲ್ಲ. ಸಂಘದ ಸದಸ್ಯರ ಪಟ್ಟಿ ತೆಗೆದು ಯಾರು ಎಲ್ಲಿದ್ದಾರೆ ನೋಡಿ. ವಶೀಲಿ ಮಾಡಿಸಲು ಅಲ್ಲ, ಸರಿಯಾದ ಮೇಜಿಗೆ ಕಾಗದ ತಲುಪಿಸಲು.

ಸಂಘದ ಬಳಿ ಇರಬೇಕಾದ್ದು: ಟ್ರಸ್ಟಿನ ನೋಂದಣಿ, ಪ್ಯಾನ್, ಆದಾಯ ತೆರಿಗೆಯವರ 12ಎ ಮತ್ತು 80ಜಿ ಎಂದು ಎಲ್ಲರೂ ಕರೆಯುವ ನೋಂದಣಿಗಳು (ಸಂಸ್ಥೆಗೂ ದಾನಿಗಳಿಗೂ ತೆರಿಗೆ ವಿನಾಯಿತಿ ಕೊಡುವವು), ಮೂರು ವರ್ಷದ ಆಡಿಟ್ ವರದಿ. 2021ರ ಏಪ್ರಿಲ್ 1ರಿಂದ ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಕೂಡ ಕಡ್ಡಾಯ. ಸ್ವಯಂಸೇವಾ ಸಂಸ್ಥೆಗಳಿಗೆ ನೀತಿ ಆಯೋಗ ಕೊಡುವ ದರ್ಪಣ್ ಸಂಖ್ಯೆಯನ್ನೂ ಮಾಡಿಸಿಕೊಂಡಿರಿ. ಚ್ಯಾರಿಟಿ ಕಮಿಷನರ್ ಕಚೇರಿಗೆ ಪದಾಧಿಕಾರಿಗಳ ಬದಲಾವಣೆ ತಿಳಿಸದೆ ವರ್ಷಗಟ್ಟಲೆ ಬಿಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಿ. ಕಂಪನಿಯವರು ಅಲ್ಲಿನ ದಾಖಲೆಯ ಹೆಸರಿಗೂ ನಿಮ್ಮ ಪತ್ರದ ಕೆಳಗಿನ ಸಹಿಗೂ ತಾಳೆ ನೋಡುತ್ತಾರೆ.

ಇನ್ನೊಂದು ವಿಷಯ ಮನಸ್ಸಿಟ್ಟು ಯೋಚಿಸಬೇಕು. ಮುಂಬೈಯ ನಮ್ಮ ಸಂಘಗಳಲ್ಲಿ ಜಾತಿವಾರು ಸಂಘಗಳು ಬಹಳ. ಅವು ದೊಡ್ಡ ಕೆಲಸ ಮಾಡಿವೆ, ರಾತ್ರಿ ಶಾಲೆಗಳ ಕಾಲದಿಂದಲೂ ಜನರನ್ನು ಕೈಹಿಡಿದು ಎತ್ತಿವೆ. ಆದರೆ ಒಂದೇ ಜಾತಿಯ ಅಥವಾ ಒಂದೇ ಧರ್ಮದವರ ಉಪಯೋಗಕ್ಕೆ ಇರುವ ಸಂಸ್ಥೆಗೆ 80ಜಿ ಸಿಗುವುದು ಕಷ್ಟ, ಕಂಪನಿಗಳೂ ಹಿಂಜರಿಯುತ್ತವೆ. ಅಡುಗೆಮನೆ ಎಲ್ಲರಿಗೂ ತೆರೆದಿರಲಿ. ಮರಾಠಿಯವರಿಗೂ, ಗುಜರಾತಿಯವರಿಗೂ, ಯಾವ ಜಾತಿಯವರಿಗೂ. ನಿಯಮಕ್ಕಾಗಿ ಮಾತ್ರ ಈ ಮಾತು ಹೇಳುತ್ತಿಲ್ಲ. ಅಡುಗೆಮನೆ ನಡೆಯಬೇಕಾದರೆ ಪಾಳಿ ತುಂಬಬೇಕು, ಪಾಳಿ ತುಂಬಲು ಎಲ್ಲರೂ ಬೇಕು.

ಕಂಪನಿಗೆ ಕೊಡುವ ಪ್ರಸ್ತಾವನೆ ನಾಲ್ಕೈದು ಪುಟ ಸಾಕು. ಪೀಠಿಕೆ, ಸಂಸ್ಕೃತಿ, ಪರಂಪರೆ ಅಂತ ಉದ್ದ ಬರೆಯಬೇಡಿ. ಈಗ ಇಷ್ಟು ಜನ ಇಷ್ಟು ಗಳಿಸುತ್ತಿದ್ದಾರೆ, ತಡೆ ಇಲ್ಲಿದೆ, ಈ ಯಂತ್ರ ಬಂದರೆ ಇಷ್ಟು ಆಗುತ್ತದೆ, ಒಂದು ವರ್ಷದ ಬಳಿಕ ಹೀಗೆ ಲೆಕ್ಕ ಕೊಡುತ್ತೇವೆ. ಅಷ್ಟೇ. ಮೊದಲು ಮಾಡಿದ ಪಟ್ಟಿ ಈಗ ಕೆಲಸಕ್ಕೆ ಬರುತ್ತದೆ. ಒಂದೇ ಯಂತ್ರವನ್ನು ಎರಡು ಕಡೆ ತೋರಿಸಬೇಡಿ. ಬ್ಯಾಂಕ್ ಸಾಲದಲ್ಲಿ ಡ್ರೈಯರ್ ಇದ್ದರೆ ಸಿಎಸ್‌ಆರ್‌ನಲ್ಲಿ ತರಬೇತಿ, ನೆಲದ ಟೈಲ್ಸ್, ಪ್ಯಾಕಿಂಗ್ ವಿನ್ಯಾಸ ಕೇಳಿ.

ತಿಂಗಳ ಖರ್ಚಿನ ಲೆಕ್ಕ

ಅನುದಾನ ಯಂತ್ರ ಕೊಡುತ್ತದೆ. ಕರೆಂಟ್ ಬಿಲ್ ಕೊಡುವುದಿಲ್ಲ. ಅನುದಾನದಿಂದ ಶುರುವಾದ ಅಡುಗೆಮನೆ ಉಳಿಯುವುದೋ ಮುಚ್ಚುವುದೋ ತೀರ್ಮಾನವಾಗುವುದು ಇಲ್ಲಿಯೇ. ಆದ್ದರಿಂದ ಈ ಭಾಗವನ್ನು ಸಾವಕಾಶವಾಗಿ ಓದಿ.

ತಿಂಗಳಿಗೆ 26 ದಿನ ತೆರೆದಿರುತ್ತದೆ, ದಿನಕ್ಕೆ ನಾಲ್ಕು ಗಂಟೆಯ ಮೂರು ಪಾಳಿ, ಒಂದು ಪಾಳಿಯಲ್ಲಿ ಇಬ್ಬರು ಕೆಲಸ ಮಾಡಬಹುದು ಅಂದುಕೊಳ್ಳಿ. ಒಬ್ಬರಿಗೆ ಒಂದರಂತೆ ಎಣಿಸಿದರೆ ಒಟ್ಟು 156 ಪಾಳಿಗಳಾದವು. ಎಲ್ಲವೂ ತುಂಬುತ್ತವೆ ಅಂತ ಬರೆಯಬೇಡಿ, ಬ್ಯಾಂಕಿನವರು ನಂಬುವುದಿಲ್ಲ, ನಂಬಲೂ ಬಾರದು. 60% ಹಿಡಿಯಿರಿ: 94 ಪಾಳಿ.

ಖರ್ಚು ನೋಡಿ. ಉಸ್ತುವಾರಿಗೆ 18,000. ಸ್ವಚ್ಛತೆಗೆ 10,000. ಕರೆಂಟ್ 8,000. ರಿಪೇರಿ 5,000. ಕೀಟ ನಿಯಂತ್ರಣ, ನೀರಿನ ಪರೀಕ್ಷೆ ಸೇರಿ 3,000. ವಿಮೆ 1,000. ಸಾಲದ ಕಂತು 14,000. ಒಟ್ಟು 59,000. ಇವೆಲ್ಲ ಉದಾಹರಣೆಯ ಅಂಕಿಗಳು, ನಿಮ್ಮ ಜಾಗದ ದರ ಕೇಳಿ ತುಂಬಿಕೊಳ್ಳಿ. ಗ್ಯಾಸನ್ನು ಇದರಲ್ಲಿ ಸೇರಿಸಿಲ್ಲ. ಅದನ್ನು ಬಳಸಿದಷ್ಟಕ್ಕೆ ಬೇರೆ ವಸೂಲು ಮಾಡುವುದೇ ಸರಿ, ಯಾಕೆಂದರೆ ಹೋಳಿಗೆ ಸುಡುವವರಿಗೂ ಪ್ಯಾಕಿಂಗ್ ಮಾತ್ರ ಮಾಡುವವರಿಗೂ ಒಂದೇ ದರ ಹಾಕಿದರೆ ಜಗಳ ಖಂಡಿತ.

ಪಾಳಿಗೆ 500 ರೂಪಾಯಿ ಇಟ್ಟರೆ ಬರುವುದು 47,000. ತಿಂಗಳಿಗೆ 12,000 ಕಡಿಮೆ ಬೀಳುತ್ತದೆ. 650 ಇಟ್ಟರೆ 61,100. ಆಗ ನಡೆಯುತ್ತದೆ. 650 ಕೇಳಿ ಕೆಲವರು ಹೌಹಾರಬಹುದು. ಅವರ ಜೊತೆ ಕೂತು ಲೆಕ್ಕ ಮಾಡಿ: ಒಂದು ಪಾಳಿಯಲ್ಲಿ 12 ಕಿಲೋ ಚಕ್ಕುಲಿ ಆದರೆ ಕಿಲೋಗೆ ಬೀಳುವುದು 54 ರೂಪಾಯಿ. ಅದನ್ನು ಬೆಲೆಗೆ ಸೇರಿಸಲು ಆಗುತ್ತದೆಯೇ? ಆಗುವುದಿಲ್ಲ ಅಂದರೆ ಆ ಪದಾರ್ಥವನ್ನು ಇನ್ನೂ ಸ್ವಲ್ಪ ದಿನ ಮನೆಯಲ್ಲೇ ಮಾಡುವುದು ಒಳ್ಳೆಯದು. ಹೊಸಬರಿಗೆ ಮೊದಲ ಮೂರು ತಿಂಗಳು ಅರ್ಧ ದರ ಇಡಬಹುದು. ಆ ಅರ್ಧವನ್ನು ತುಂಬಿಕೊಡಲು ಸಂಘದ ದಾನಿಗಳನ್ನು ಕೇಳಿ. ನಾಟಕಕ್ಕೆ, ಸನ್ಮಾನಕ್ಕೆ ಕೊಡುವ ಕೈ ಇದಕ್ಕೂ ಕೊಡುತ್ತದೆ.

ಪರವಾನಗಿಗಳು

ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆಧಾರ್ ಮೇಲೆ, ಆನ್‌ಲೈನ್, ಪೂರ್ತಿ ಉಚಿತ. ಗುಮಾಸ್ತಾ ಅಂತ ಎಲ್ಲರೂ ಕರೆಯುವ ಅಂಗಡಿ ಕಾಯಿದೆಯ ಕಾಗದ ಬೇಕು; ಕೆಲಸಗಾರರು ಕಡಿಮೆ ಇದ್ದರೆ ಮಾಹಿತಿ ಕೊಟ್ಟರೆ ಸಾಕು. ನಗರಪಾಲಿಕೆಯ ಆರೋಗ್ಯ ವಿಭಾಗದ ಪರವಾನಗಿಯನ್ನು ನಿಮ್ಮ ವಾರ್ಡ್ ಕಚೇರಿಯಲ್ಲಿ ವಿಚಾರಿಸಿ. 14.2 ಕಿಲೋದ ಮನೆ ಸಿಲಿಂಡರ್ ಬಳಸುವಂತಿಲ್ಲ. 19 ಕಿಲೋದ ವಾಣಿಜ್ಯ ಸಿಲಿಂಡರ್ ಅಥವಾ ಪೈಪ್ ಗ್ಯಾಸ್ ಬೇಕು.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ ವಿಷಯದಲ್ಲಿ ಗೊಂದಲ ಜಾಸ್ತಿ. ಅಡುಗೆಮನೆಗೆ ಒಂದು ನೋಂದಣಿ ಮಾಡಿಸಿ ಎಲ್ಲರೂ ಅದೇ ನಂಬರ್ ಹಾಕಿಕೊಳ್ಳುವುದು ತಪ್ಪು. ತಮ್ಮ ಹೆಸರಿನಲ್ಲಿ ಮಾರುವ ಪ್ರತಿಯೊಬ್ಬರಿಗೂ ಅವರದೇ 14 ಅಂಕಿಯ ನಂಬರ್ ಬೇಕು, ಮತ್ತು ಅದು ತಯಾರಾಗುವ ಜಾಗದ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಮನೆಯ ವಿಳಾಸದ ನೋಂದಣಿ ಇದ್ದವರು ಅಡುಗೆಮನೆಯ ವಿಳಾಸಕ್ಕೆ ಬೇರೆ ಮಾಡಿಸಬೇಕು. ಅದಕ್ಕೆ ಜಾಗ ಬಳಸಲು ಒಪ್ಪಿಗೆ ಕೊಟ್ಟ ಪತ್ರ ಬೇಕಾಗುತ್ತದೆ. ಗುಂಪಿನ ಲೆಟರ್‌ಹೆಡ್‌ನಲ್ಲಿ ಒಂದು ನಮೂನೆ ತಯಾರಿಸಿಟ್ಟರೆ ಎಲ್ಲರಿಗೂ ಆಗುತ್ತದೆ. ಅರ್ಜಿ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ. ಮಹಾರಾಷ್ಟ್ರದಲ್ಲಿ ತಪಾಸಣೆಗೆ ಬರುವುದು ರಾಜ್ಯದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ. ಅಡುಗೆ ಮಾಡುವ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯ. ಎಫ್‌ಎಸ್‌ಎಸ್‌ಎಐ ನಡೆಸುವ ಆಹಾರ ಸುರಕ್ಷತೆಯ ಫಾಸ್ಟ್ಯಾಕ್ ತರಬೇತಿಯನ್ನು ಉಸ್ತುವಾರಿಗಾದರೂ ಕೊಡಿಸಿ. ತಯಾರಿಕೆಯ ವಿಧಾನ, ಬಾಳಿಕೆಯ ಬಗ್ಗೆ ಸಲಹೆ ಬೇಕಾದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. 1950ರಿಂದ ಅದೇ ಕೆಲಸ ಮಾಡುತ್ತಿರುವ ಸಂಸ್ಥೆ, ಊರಿಗೆ ಹೋದಾಗ ಹೋಗಿ ಬರಬಹುದು.

ನಿಯಮಗಳನ್ನು ಶುರುವಿಗೇ ಬರೆದುಬಿಡಿ

ಹಣದ ಜಗಳಕ್ಕಿಂತ ಅಡುಗೆಮನೆಯ ಜಗಳ ಬೇಗ ಹುಟ್ಟುತ್ತದೆ. ಬಂಗುಡೆ ಉಪ್ಪಿನಕಾಯಿ ಮಾಡುವವರೂ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರೂ ಒಂದೇ ಸೂರಿನಡಿ ಬರುತ್ತಾರೆ. ಮೀನು, ಮಾಂಸ ಬೇಕೇ ಬೇಡವೇ ಅನ್ನುವುದನ್ನು ಮೊದಲ ಸಭೆಯಲ್ಲೇ ತೀರ್ಮಾನಿಸಿ. ಬೇಕು ಅಂದರೆ ಬೇರೆ ಮೇಜು, ಬೇರೆ ಪಾತ್ರೆ, ಬೇರೆ ಫ್ರೀಜರ್. ಜಾಗ ಸಾಲದಿದ್ದರೆ ಬೇಡ ಅನ್ನುವುದೇ ಪ್ರಾಮಾಣಿಕ. ಹಾಗೆಯೇ ಮೆಣಸಿನ ಪುಡಿ ಕುಟ್ಟುವ ದಿನ ಹೋಳಿಗೆ ಬೇಡ. ಘಾಟು ಹೂರಣಕ್ಕೆ ಹತ್ತುತ್ತದೆ. ವಾರಕ್ಕೆ ಎರಡು ದಿನ ಪುಡಿಗಳಿಗೆ ಅಂತಲೇ ಇಡಿ. ಶೇಂಗಾ, ಗೋಧಿ, ಹಾಲು ಬಳಸಿದ ಯಂತ್ರವನ್ನು ತೊಳೆದು ಸಹಿ ಹಾಕುವ ಪುಸ್ತಕ ಇರಲಿ. ಅಲರ್ಜಿ ಇರುವ ಮಗುವಿಗೆ ಇದು ಪ್ರಾಣದ ಪ್ರಶ್ನೆ.

ದೀಪಾವಳಿ ಫರಾಳದ, ಅಂದರೆ ಹಬ್ಬದ ತಿಂಡಿಗಳ, ಮೂರು ವಾರ ಎಲ್ಲರಿಗೂ ಎಲ್ಲ ಪಾಳಿಯೂ ಬೇಕಾಗುತ್ತದೆ. ಗಣೇಶ ಚೌತಿಯ ಮೊದಲೂ ಹಾಗೆಯೇ. ಆ ದಿನಗಳಿಗೆ ಬೇರೆ ನಿಯಮ ಮಾಡಿ: ವರ್ಷವಿಡೀ ಬಂದವರಿಗೆ ಮೊದಲ ಆಯ್ಕೆ, ಒಬ್ಬರಿಗೆ ವಾರಕ್ಕೆ ಇಷ್ಟೇ ಪಾಳಿ, ಉಳಿದದ್ದಕ್ಕೆ ಚೀಟಿ ಎತ್ತುವುದು. ಬೇಕಾದರೆ ರಾತ್ರಿ ಒಂದು ಪಾಳಿ ಜಾಸ್ತಿ ತೆರೆಯಿರಿ. ಆದರೆ ಕೊನೆಯ ಲೋಕಲ್ ಎಷ್ಟು ಹೊತ್ತಿಗೆ ಅನ್ನುವುದನ್ನು ನೋಡಿಕೊಂಡು ಸಮಯ ಇಡಿ.

ಕೊನೆಯದಾಗಿ ಫೈಲ್. ಸಹಾಯಧನ ಸಾಲಕ್ಕೆ ಜಮೆಯಾಗುವವರೆಗೆ ಬ್ಯಾಂಕಿನವರೂ ಇಲಾಖೆಯವರೂ ಯಾವಾಗ ಬೇಕಾದರೂ ನೋಡಲು ಬರಬಹುದು. ಯಂತ್ರಗಳ ಮೂಲ ಬಿಲ್, ಪ್ರತಿ ಯಂತ್ರದ ಸೀರಿಯಲ್ ನಂಬರಿನ ಫೋಟೋ, ಪಾಳಿಯ ಪುಸ್ತಕ, ಬಾಡಿಗೆಯ ರಸೀದಿಗಳು, ಕರೆಂಟ್ ಬಿಲ್, ನೀರಿನ ಪರೀಕ್ಷೆಯ ವರದಿ, ಸದಸ್ಯೆಯರ ಎಫ್‌ಎಸ್‌ಎಸ್‌ಎಐ ಪ್ರತಿಗಳು, ಇವೆಲ್ಲ ಒಂದೇ ಕಪಾಟಿನಲ್ಲಿ, ಅಡುಗೆಮನೆಯಲ್ಲೇ ಇರಲಿ. ಕಾರ್ಯದರ್ಶಿಯ ಮನೆಯಲ್ಲಿ ಬೇಡ. ಕಾರ್ಯದರ್ಶಿ ಊರಿಗೆ ಹೋದ ದಿನವೇ ತಪಾಸಣೆಗೆ ಬಂದರೆ ಬಾಗಿಲು ತೆರೆದವರ ಕೈಗೆ ಕಾಗದ ಸಿಗಬೇಕು.